ಪುಟ್ಟಿ, ಎರಡು ಕಾಪಿ ಒಂದೇ ಬ್ಯಾಗಿನಲ್ಲಿ ಇಡಬೇಡ

ಪುಟ್ಟಿ, ಮನೆ ಗ್ರೂಪಿನಲ್ಲಿ ನಿನ್ನ ಮೆಸೇಜು ಈಗಷ್ಟೇ ನೋಡಿದೆ. ಬೆಳಿಗ್ಗೆಯಿಂದ ಸಿಗ್ನಲ್ ಇರಲಿಲ್ಲ. ಕೊಟ್ಟಿಗೆ ಹಿಂದಿನ ದರೆ ಹತ್ತಿ ನಿಂತು ಮಾತಾಡುತ್ತಿದ್ದೇನೆ. ಮಧ್ಯೆ ಗಾಳಿ ಸದ್ದು ಬಂದರೆ ಸ್ವಲ್ಪ ಕಿವಿಗೊಟ್ಟು ಕೇಳು. ಟೈಪ್ ಮಾಡಲು ನನಗೆ ತಾಳ್ಮೆ ಇಲ್ಲ, ವಿಷಯವೂ ಎರಡು ಸಾಲಿನದಲ್ಲ.

'ಮುಂದಿನ ಸೋಮವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಕೇದಾರ ಬದರಿಗೆ ಹೊರಡುತ್ತೇನೆ, ಫೋನು ಈಗಲೇ ಜಾಗ ಇಲ್ಲ ಅನ್ನುತ್ತಿದೆ, ಅಲ್ಲಿ ತೆಗೆದ ಫೋಟೋ ಹೋಗಿಬಿಟ್ಟರೆ ಏನು ಮಾಡಲಿ' ಅಂತ ಕೇಳಿದ್ದೀಯ. ಅದಕ್ಕೆ ಹೊಸನಗರದ ಮಾಣಿ 'ಏನೂ ಆಗಲ್ಲ ಬಿಡೇ' ಅಂತ ಹಾಕಿದ್ದಾನೆ. ಹಾಗೆ ಹೇಳಬಾರದು. ಆಗುತ್ತದೆ. ನಮ್ಮ ಮನೆಯಲ್ಲೇ ಆಗಿದೆ.

ನಿನ್ನ ಅಜ್ಜಿಯನ್ನು ಕಾಶಿಗೆ ಕರೆದುಕೊಂಡು ಹೋಗಿದ್ದು 2014ರ ಫೆಬ್ರವರಿಯಲ್ಲಿ. ನೀನಾಗ ಎಂಟನೇ ಕ್ಲಾಸು ಇರಬೇಕು. ಆ ವರ್ಷದ ಅಡಿಕೆ ಸುಲಿತ ಮುಗಿದಿತ್ತು, ಕೈಯಲ್ಲಿ ನಾಲ್ಕು ಕಾಸು ಇತ್ತು. ನಮ್ಮ ಅಮ್ಮ, ಅಂದರೆ ನಿನ್ನ ಅಜ್ಜಿ, ಅಲ್ಲಿಯವರೆಗೆ ಧರ್ಮಸ್ಥಳ, ಶೃಂಗೇರಿ, ಹೊರನಾಡು ಬಿಟ್ಟು ಬೇರೆ ಕಡೆ ಹೋದವಳಲ್ಲ. ಗಂಗೆ ನೋಡಬೇಕು ಅಂತ ಅವಳು ಬಾಯಿಬಿಟ್ಟು ಕೇಳಿದ್ದೂ ಇಲ್ಲ. ನಿಮ್ಮ ಮಾವನೇ ಹಠ ಹಿಡಿದು ಟಿಕೆಟ್ ಮಾಡಿಸಿದರು.

ಹೊರಡುವ ಹಿಂದಿನ ದಿನ ಅಮ್ಮ ಏನು ಮಾಡಿದಳು ಗೊತ್ತಾ? ನಿನ್ನ ಅಪ್ಪನನ್ನು ತೀರ್ಥಹಳ್ಳಿಗೆ ಓಡಿಸಿ, ರಾಮತೀರ್ಥದ ಹತ್ತಿರ ಒಂದು ಸಣ್ಣ ಬಾಟಲಿಗೆ ತುಂಗೆಯ ನೀರು ತುಂಬಿಸಿಕೊಂಡಳು. ಗಂಗಾ ಸ್ನಾನ ತುಂಗಾ ಪಾನ ಅಂತ ನಾವೆಲ್ಲ ಬಾಯಲ್ಲಿ ಹೇಳುತ್ತೇವೆ. ಅವಳು ಅದನ್ನು ಮಾಡಿಯೇ ನೋಡಿದಳು. ಕಾಶಿಯ ಕೇದಾರ ಘಾಟಿನ ಮೆಟ್ಟಿಲಲ್ಲಿ ಮೂರು ಮುಳುಗು ಹಾಕಿ ಎದ್ದು, ಒದ್ದೆ ಸೀರೆಯಲ್ಲೇ ಕೂತು, ಆ ಬಾಟಲಿಯ ಮುಚ್ಚಳ ತೆಗೆದು ಒಂದು ಗುಟುಕು ಕುಡಿದಳು. ನಮ್ಮ ಕೈಗೂ ಒಂದೊಂದು ಹನಿ ಹಾಕಿದಳು. ಬೆಳಗಿನ ಬಿಸಿಲು ಎದುರಿನಿಂದ ಅವಳ ಮುಖದ ಮೇಲೆ ಬೀಳುತ್ತಿತ್ತು. ನಿಮ್ಮ ಮಾವ ಆ ಫೋಟೋ ತೆಗೆದರು. ಅಂಥ ಫೋಟೋ ಅವರು ಮತ್ತೆ ತೆಗೆದಿಲ್ಲ, ನಾನೂ ನೋಡಿಲ್ಲ.

ಈಗ ಕೇಳು. ಮಾವ ಎಂಥ ಶಿಸ್ತಿನ ಮನುಷ್ಯ ಅಂತ ನಿಮಗೆಲ್ಲ ಗೊತ್ತು. ಕ್ಯಾಮೆರಾದಲ್ಲಿ ಇದ್ದದ್ದು 8 ಜಿಬಿ ಕಾರ್ಡು. ದಿನಾ ರಾತ್ರಿ ಛತ್ರಕ್ಕೆ ಬಂದು ಊಟ ಆದ ಮೇಲೆ ಕಾರ್ಡಿನಲ್ಲಿದ್ದದ್ದನ್ನು ಸಣ್ಣ ಲ್ಯಾಪ್‌ಟಾಪಿಗೆ ಹಾಕುತ್ತಿದ್ದರು. ಅಲ್ಲಿಂದ ಒಂದು ಹಾರ್ಡ್ ಡಿಸ್ಕಿಗೆ ಇನ್ನೊಂದು ಕಾಪಿ. ಎರಡನ್ನೂ ತೆರೆದು ನೋಡಿ, ಸರಿಯಾಗಿದೆ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಕಾರ್ಡು ಖಾಲಿ ಮಾಡುತ್ತಿದ್ದರು. ಪ್ರಯಾಗ, ಕಾಶಿ, ಗಯಾ, ಹನ್ನೊಂದು ದಿನ. ಒಂದು ರಾತ್ರಿಯೂ ತಪ್ಪಿಸಲಿಲ್ಲ. ಎರಡೆರಡು ಕಾಪಿ ಇದೆ, ಇನ್ನೇನು ಭಯ ಅಂತ ನಾವೂ ನೆಮ್ಮದಿಯಾಗಿದ್ದೆವು.

ಕ್ಯಾಮೆರಾ, ಲ್ಯಾಪ್‌ಟಾಪು, ಡಿಸ್ಕು ಮೂರೂ ಒಂದೇ ನೀಲಿ ಬ್ಯಾಗಿನಲ್ಲಿ.

ವಾಪಸು ಬರುವಾಗ ರೈಲಿನಲ್ಲಿ ಎರಡನೇ ರಾತ್ರಿ. ಅಮ್ಮನಿಗೆ ನಿದ್ದೆ ಬರಲಿಲ್ಲ. 'ಆ ಘಾಟಿನ ಫೋಟೋ ಇನ್ನೊಂದು ಸಲ ತೋರಿಸೋ' ಅಂದಳು. ಮಾವ ಸೀಟಿನ ಕೆಳಗಿನ ಚೈನು ಬಿಚ್ಚಿ, ಬ್ಯಾಗು ತೆಗೆದು, ಲ್ಯಾಪ್‌ಟಾಪಿನಲ್ಲಿ ಒಂದೊಂದೇ ತೋರಿಸಿದರು. ನೋಡಿದಳು. 'ಸಾಕು, ಮಲಗು, ನಿನಗೂ ಸುಸ್ತು' ಅಂದಳು. ಬ್ಯಾಗು ಕೆಳಗೆ ಹೋಯಿತು. ಚೈನು ಹಾಕಲು ಮರೆತರು. ರಾತ್ರಿ ಎಷ್ಟು ಹೊತ್ತಿಗೋ ಒಂದು ದೊಡ್ಡ ಸ್ಟೇಷನ್ ಬಂತು. ಬೆಳಿಗ್ಗೆ ನೋಡಿದರೆ ಚಪ್ಪಲಿ ಇದೆ, ಬಟ್ಟೆಯ ಸೂಟ್‌ಕೇಸು ಇದೆ, ಗಂಗೆಯ ತಾಮ್ರದ ಗಿಂಡಿಗಳು ಇವೆ. ನೀಲಿ ಬ್ಯಾಗು ಇಲ್ಲ.

ದೂರು ಬರೆದುಕೊಟ್ಟೆವು. ಏನೂ ಸಿಗಲಿಲ್ಲ. ಲ್ಯಾಪ್‌ಟಾಪು ಹೋದದ್ದಕ್ಕೆ ನಾನು ಒಂದು ಹನಿ ಕಣ್ಣೀರು ಹಾಕಿಲ್ಲ. ದುಡ್ಡಿನ ವಸ್ತು, ಹೋಯಿತು. ಆದರೆ ಅಮ್ಮ ಆ ವರ್ಷ ಶ್ರಾವಣದಲ್ಲಿ ಹೋದಳು ಅಲ್ವಾ. ವೈಕುಂಠ ಸಮಾರಾಧನೆಗೆ ಇಡಲು ಒಂದು ಒಳ್ಳೆಯ ಫೋಟೋ ಹುಡುಕಿದಾಗ ಹೊಟ್ಟೆಯಲ್ಲಿ ಸಂಕಟ ಎದ್ದಿತು. ಮಾವ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಹಾಗಾದರೆ ಜಗಲಿಯಲ್ಲಿ ಇರುವ ಫೋಟೋ ಯಾವುದು ಅಂತ ನೀನು ಕೇಳಬಹುದು. ದೋಣಿಯಲ್ಲಿ ಕೂತು ನೀರಿಗೆ ಕೈ ಇಳಿಬಿಟ್ಟಿರುವುದು, ಸೆರಗು ಗಾಳಿಗೆ ಎದ್ದಿರುವುದು, ಹಿಂದೆ ಬಿಳಿ ಹಕ್ಕಿಗಳು ಹಾರುತ್ತಿರುವುದು. ಅದು ಪ್ರಯಾಗದ ತ್ರಿವೇಣಿ ಸಂಗಮ. ಅದನ್ನು ತೆಗೆದದ್ದು ಮಾವ ಅಲ್ಲ. ಶಿರಸಿ ಕಡೆಯ ಒಬ್ಬ ಟೀಚರು ಅದೇ ದೋಣಿಯಲ್ಲಿ ಇದ್ದರು. ಕನ್ನಡದವರು ಅಂತ ಅಮ್ಮನ ಜೊತೆ ತುಂಬಾ ಮಾತಾಡಿದರು. ಗಂಗೆಯ ನೀರು ಮಸುಕು, ಯಮುನೆಯದು ಹಸಿರು, ಎರಡೂ ಸೇರುವ ಗೆರೆ ಕಾಣುತ್ತದೆ ನೋಡಿ ಅಂತ ಅಮ್ಮನಿಗೆ ತೋರಿಸಿದ್ದೂ ಅವರೇ. ಅವರ ಫೋನಿನಲ್ಲಿ ಒಂದೇ ಒಂದು ಫೋಟೋ ತೆಗೆದಿದ್ದರು. ಅಮ್ಮನ ಸಣ್ಣ ಡೈರಿಯಲ್ಲಿ ಅವರ ನಂಬರು ಇತ್ತು. ಸುದ್ದಿ ತಿಳಿಸಲು ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಫೋಟೋ ಬಂತು. ಸ್ವಲ್ಪ ಮಸುಕಾಗಿದೆ, ದೊಡ್ಡದು ಮಾಡಿದರೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಆದರೂ ಇದೆ. ನಮ್ಮ ಬ್ಯಾಗಿನಲ್ಲಿ ಇರಲಿಲ್ಲ, ಅದಕ್ಕೇ ಉಳಿಯಿತು.

ಅದಕ್ಕೇ ಹೇಳುತ್ತಿದ್ದೇನೆ ಪುಟ್ಟಿ. ಎರಡು ಕಾಪಿ ಒಂದೇ ಬ್ಯಾಗಿನಲ್ಲಿ ಇದ್ದರೆ ಅದು ಎರಡಲ್ಲ, ಒಂದೇ. ಬ್ಯಾಗು ಹೋದರೆ ಎರಡೂ ಹೋಗುತ್ತವೆ. ನೀರಿಗೆ ಬಿದ್ದರೂ ಎರಡೂ ಹೋಗುತ್ತವೆ. ಒಂದು ನಿನ್ನ ಹತ್ತಿರ ಇರಲಿ, ಇನ್ನೊಂದು ಬೇರೆಯವರ ಮೈಮೇಲೆ ಇರಲಿ, ಮೂರನೆಯದು ಆ ಊರಲ್ಲೇ ಇರಬಾರದು.

ಇನ್ನೊಂದು ವಿಷಯ ಬಂತು, ಇದನ್ನೂ ಹೇಳಿಬಿಡುತ್ತೇನೆ. ಎಲ್ಲರೂ ಇದ್ದೀರಿ ಗ್ರೂಪಿನಲ್ಲಿ, ಕೇಳಿಸಿಕೊಳ್ಳಿ. ಆ ಶಿರಸಿ ಟೀಚರು ನಮಗೆ ಏನೂ ಆಗಬೇಕಾದವರಲ್ಲ. ಕೇಳಿದ ಮರುದಿನ ಕಳಿಸಿದರು. ಕಳೆದ ವರ್ಷ ಮೇಲಿನ ಮನೆ ಉಪನಯನಕ್ಕೆ ಎಷ್ಟು ಜನ ಬಂದಿದ್ದಿರಿ? ಪ್ರತಿಯೊಬ್ಬರ ಕೈಯಲ್ಲೂ ಫೋನು. ಬಟುವಿಗೆ ಅಕ್ಷತೆ ಹಾಕಲು ದೊಡ್ಡ ಭಾವ ಕೋಲು ಹಿಡಿದುಕೊಂಡು ಮಂಟಪದವರೆಗೆ ತಾವೇ ನಡೆದು ಬಂದರು. ಆಗ ಎಲ್ಲರ ಫೋನೂ ಮೇಲೆ ಎದ್ದಿತ್ತು, ನಾನು ನೋಡಿದ್ದೇನೆ. ಅದಾದ ತಿಂಗಳಿಗೆ ಅವರು ಹಾಸಿಗೆ ಹಿಡಿದರು. ಇವತ್ತಿನವರೆಗೆ ಎದ್ದಿಲ್ಲ. ಆ ಫೋಟೋ ಒಂದು ಕಳಿಸಿ ಅಂತ ಎಷ್ಟು ಸಲ ಕೇಳಿದ್ದೇನೆ? 'ಕಳಿಸುತ್ತೇನೆ ಅತ್ತೆ, ಹುಡುಕಬೇಕು ಅತ್ತೆ' ಅನ್ನುತ್ತೀರಿ. ಸಾಗರದ ಅಕ್ಕಯ್ಯ ಸೆಲ್ಫಿ ಹತ್ತು ಹಾಕಿದಳು, ಊಟದ ಎಲೆಯ ಫೋಟೋವೂ ಬಂತು. ಭಾವನದು ಬರಲಿಲ್ಲ.

ಮೊದಲು ಹೀಗಿರಲಿಲ್ಲ. ಮೂವತ್ತಾರು ಫೋಟೋದ ಒಂದು ರೀಲು ಹಾಕಿಸಿದರೆ ಇಡೀ ಮದುವೆ ಅದರಲ್ಲೇ ಮುಗಿಯಬೇಕಿತ್ತು. ಪ್ರಿಂಟು ಬಂದಾಗ ಯಾರ ಮನೆಗೆ ಯಾವುದು ಅಂತ ಹಿಂದೆ ಪೆನ್ಸಿಲ್‌ನಲ್ಲಿ ಬರೆದು ಕವರಿನಲ್ಲಿ ಹಾಕಿ ಕಳಿಸುತ್ತಿದ್ದರು. ನಮ್ಮ ಮನೆ ಆಲ್ಬಂ ಒಂದು ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳೆ ಹಾಳೆ ಅಂಟಿಕೊಂಡಿತು. ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತಿತ್ತು. ಆಗ ನಿನ್ನ ಅಜ್ಜಿಯ ತವರಿನಿಂದ, ಹೊಸನಗರದಿಂದ, ಕೊಪ್ಪದಿಂದ ಅದೇ ಫೋಟೋಗಳು ವಾಪಸು ಬಂದವು. ಎಲ್ಲರ ಮನೆಯಲ್ಲೂ ಒಂದೊಂದು ಇತ್ತು, ಹಾಗಾಗಿ ಒಬ್ಬರ ಮನೆಯಲ್ಲಿ ಹೋದರೂ ಇನ್ನೊಬ್ಬರ ಮನೆಯಲ್ಲಿ ಸಿಕ್ಕಿತು. ಈಗ ಸಾವಿರ ಫೋಟೋ ತೆಗೆಯುತ್ತೀರಿ, ಎಲ್ಲಾ ನಿಮ್ಮ ಜೇಬಿನಲ್ಲೇ. ಭಾವನ ಫೋಟೋ ಯಾರ ಫೋನಿನಲ್ಲಿ ಇದೆಯೋ ಅವರು ಇವತ್ತು ರಾತ್ರಿ ಹುಡುಕಿ ಕಳಿಸಿ. ಅವರಿಗೆ ತೋರಿಸಬೇಕು ನಾನು.

ಪುಟ್ಟಿ, ನೀನು ಕೇಳಿದ್ದು ಜಾಗದ ವಿಷಯ ಅಲ್ವಾ. ಅದಕ್ಕೆ ಬರುತ್ತೇನೆ.

ಮೊದಲು ಹೊರಡುವ ಮುಂಚೆ ಫೋನು ಖಾಲಿ ಮಾಡು. ಶಿವಮೊಗ್ಗದ ಮನೆಯ ಕಂಪ್ಯೂಟರಿಗೆ ಎಲ್ಲಾ ಹಾಕು. ಹಾಕಿದ ಮೇಲೆ ಅಲ್ಲಲ್ಲಿ ಹತ್ತು ಫೋಟೋ, ಎರಡು ವಿಡಿಯೊ ತೆರೆದು ನೋಡು. ಆಮೇಲೆ ಅಳಿಸು. ಅಳಿಸಿದ್ದು ಕೆಲವು ದಿನ ಟ್ರ್ಯಾಶಿನಲ್ಲೇ ಕೂತಿರುತ್ತದೆ. ಅದನ್ನೂ ಖಾಲಿ ಮಾಡದೆ ಜಾಗ ಸಿಗುವುದಿಲ್ಲ. ಫೋಟೋ ಅಷ್ಟು ಜಾಗ ತಿನ್ನುವುದಿಲ್ಲ. ಒಂದು 4 ಎಂಬಿ ಅಂದರೂ ಸಾವಿರ ಫೋಟೋಗೆ 4 ಜಿಬಿ. ತಿನ್ನುವುದು ವಿಡಿಯೊ. ವಿಡಿಯೊ ಗುಣಮಟ್ಟ ಫೋರ್‌ಕೆ ಇಟ್ಟರೆ ಒಂದೊಂದು ನಿಮಿಷಕ್ಕೆ ನೂರಾರು ಎಂಬಿ ಹೋಗುತ್ತದೆ. ಸೆಟ್ಟಿಂಗಿನಲ್ಲಿ 1080ಕ್ಕೆ ಇಳಿಸು, ಮನೆಯಲ್ಲಿ ನೋಡಲು ಅದೇ ಧಾರಾಳ.

ಗೂಗಲ್ ಫೋಟೋಸ್‌ಗೆ ತಾನಾಗೇ ಹೋಗುತ್ತದೆ ಅಂತ ನಂಬಿ ಕೂರಬೇಡ. 2021ರ ಜೂನ್ 1ರಿಂದ ಅಲ್ಲಿ ಹಾಕಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆ. ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ನಿನ್ನ ಜಿಮೇಲೂ ಸೇರಿದೆ. ಎಷ್ಟು ಉಳಿದಿದೆ ಅಂತ ಇವತ್ತೇ ನೋಡು. ಕಮ್ಮಿ ಇದ್ದರೆ ದುಡ್ಡು ಕೊಟ್ಟು ಒಂದು ತಿಂಗಳ ಮಟ್ಟಿಗಾದರೂ ಜಾಸ್ತಿ ಮಾಡಿಸಿಕೋ. ವೈಫೈ ಇದ್ದಾಗ ಮಾತ್ರ ಬ್ಯಾಕಪ್ ಅಂತ ಇಟ್ಟಿದ್ದರೆ ದಾರಿಯಲ್ಲಿ ಒಂದೂ ಹೋಗಿರುವುದಿಲ್ಲ. ನೀನು ಹೋಗಿದೆ ಅಂದುಕೊಂಡಿರುತ್ತೀಯ. ಗೌರಿಕುಂಡದಿಂದ ಮೇಲೆ ನಡೆಯುವ ದಾರಿಯಲ್ಲಿ ಸಿಗ್ನಲ್ ನೆಚ್ಚಿಕೊಳ್ಳಬೇಡ. ಕೆಳಗೆ ಗುಪ್ತಕಾಶಿಗೋ ಋಷಿಕೇಶಕ್ಕೋ ಬಂದಾಗ ರೂಮಿನಲ್ಲಿ ವೈಫೈ ಹಾಕಿ, ಚಾರ್ಜಿಗೆ ಇಟ್ಟು ಮಲಗು. ಬೆಳಿಗ್ಗೆ ಎದ್ದು ಬ್ಯಾಕಪ್ ಪೂರ್ತಿ ಆಗಿದೆಯಾ ಅಂತ ಕಣ್ಣಾರೆ ನೋಡು. ಇನ್ನೊಂದು, ಬ್ಯಾಕಪ್ ಆಯಿತಲ್ಲ ಅಂತ ಆ ಆ್ಯಪಿನಲ್ಲೇ ಡಿಲೀಟ್ ಒತ್ತಿಬಿಟ್ಟೀಯ! ಅಲ್ಲಿಂದಲೂ ಹೋಗುತ್ತದೆ. ಜಾಗ ಬೇಕಿದ್ದರೆ 'ಫ್ರೀ ಅಪ್ ಸ್ಪೇಸ್' ಅಂತ ಬೇರೆ ಇದೆ, ಅದನ್ನೇ ಒತ್ತು. ಇದು ನನಗೆ ಬೆಂಗಳೂರಿನ ಮಗ ಕೂರಿಸಿಕೊಂಡು ಹೇಳಿಕೊಟ್ಟದ್ದು.

ಎರಡನೆಯದು ಪೆನ್‌ಡ್ರೈವು. ಒಂದು ಕಡೆ ಟೈಪ್-ಸಿ ಇರುವುದು ಸಿಗುತ್ತದೆ, ಸೀದಾ ಫೋನಿಗೇ ಸಿಕ್ಕಿಸಬಹುದು, ಕಂಪ್ಯೂಟರು ಬೇಡ. 128 ಜಿಬಿಯದು ತೆಗೆದುಕೋ. ದಿನಾ ರಾತ್ರಿ ಅವತ್ತಿನದನ್ನು ಅದಕ್ಕೆ ಕಾಪಿ ಮಾಡು. ಕಟ್ ಅಲ್ಲ, ಕಾಪಿ. ಮಾಡಿ ಆದ ಮೇಲೆ ನಿನ್ನ ಅಮ್ಮನ ಕೈಗೆ ಕೊಡು. ಅವಳು ಎಲೆಅಡಿಕೆ ಸಂಚಿಯನ್ನು ಸೊಂಟದಿಂದ ಬಿಡುವವಳಲ್ಲ, ಅದರಲ್ಲಿ ಇಟ್ಟುಕೊಳ್ಳಲಿ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಡು, ಅಲ್ಲಿ ಮಳೆ ಯಾವಾಗ ಬರುತ್ತದೋ ಹೇಳಲಾಗದು. ನಿನ್ನ ಫೋನು ಇರುವ ಬ್ಯಾಗಿಗೆ ಆ ಪೆನ್‌ಡ್ರೈವು ಯಾವತ್ತೂ ಬರಬಾರದು. ಒಂದೇ ಬ್ಯಾಗಿನಲ್ಲಿ ಇಡಬೇಡ ಪುಟ್ಟಿ, ಇನ್ನೊಂದು ಸಲ ಹೇಳುತ್ತಿದ್ದೇನೆ. ಒಂದು ಗಳಿಗೆಗೆ ಅಂತಲೂ ಇಡಬೇಡ. ಆ ನೀಲಿ ಬ್ಯಾಗಿನ ಚೈನು ಬಿಚ್ಚಿದ್ದೂ ಒಂದು ಗಳಿಗೆಗೆ.

ಕೇದಾರ 3,583 ಮೀಟರ್ ಎತ್ತರದಲ್ಲಿದೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಫೋನನ್ನು ಸ್ವೆಟರಿನ ಒಳಗೆ ಇಟ್ಟುಕೋ. ಶಿವಮೊಗ್ಗದ ಸೋಗಾನೆಯಿಂದ ವಿಮಾನ ಹತ್ತುವುದಾದರೆ ಪವರ್ ಬ್ಯಾಂಕನ್ನು ಕೈ ಚೀಲದಲ್ಲಿ ಇಟ್ಟುಕೋ, ಲಗೇಜಿಗೆ ಹಾಕಲು ಬಿಡುವುದಿಲ್ಲ. ಅಪ್ಪ ಹಳೇ ಕ್ಯಾಮೆರಾ ತರುತ್ತಾನಂತೆ. ಅದರಲ್ಲಿ ಏನಾದರೂ ತಪ್ಪಿ ಅಳಿಸಿಹೋದರೆ ಆ ಕಾರ್ಡಿನಲ್ಲಿ ಇನ್ನೊಂದು ಫೋಟೋ ತೆಗೆಯಬಾರದು ಅಂತ ಹೇಳು. ಹಾಗೇ ತೆಗೆದಿಟ್ಟರೆ ಊರಿಗೆ ಬಂದ ಮೇಲೆ ವಾಪಸು ತೆಗೆಸಲು ಆಗಬಹುದು. ಮೇಲೆ ಹೊಸದು ಬಿದ್ದರೆ ಹೋಯಿತು.

ಮೂರನೆಯದು ನನ್ನ ಹತ್ತಿರ ಇರಲಿ. ಸಿಗ್ನಲ್ ಸಿಕ್ಕ ದಿನ ರಾತ್ರಿ ಐದು ಒಳ್ಳೆಯ ಫೋಟೋ ಆರಿಸಿ ನನಗೆ ಕಳಿಸು. ಗ್ರೂಪಿಗೆ ಹಾಕುವ ಹಾಗೆ ಹಾಕಬೇಡ, ಕುಗ್ಗಿ ಸಣ್ಣದಾಗುತ್ತದೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಇರುತ್ತದೆ ಅಲ್ವಾ, ಅದರಲ್ಲಿ ಹಾಕಿದರೆ ಇದ್ದ ಹಾಗೇ ಬರುತ್ತದೆ. ಅಪ್ಪ ಅಮ್ಮ ಇಬ್ಬರೂ ಇರುವುದು ಒಂದಾದರೂ ಇರಲಿ, ಮುಖ ಸರಿಯಾಗಿ ಕಾಣಬೇಕು. ನಾನು ದಿನಾ ಸಂಜೆ ಈ ದರೆ ಹತ್ತಿ ನೋಡುತ್ತೇನೆ. 'ಬಂತು' ಅಂತ ನಾನು ಬರೆಯುವವರೆಗೆ ನಿನ್ನ ಫೋನಿನಿಂದ ಯಾವುದನ್ನೂ ಅಳಿಸಬೇಡ.

ಶನಿವಾರ ಇಲ್ಲಿಗೆ ಬಂದು ಹೋಗು. ತುಂಗೆಯ ನೀರು ತುಂಬಿಸಿ ಇಟ್ಟಿರುತ್ತೇನೆ.