ಸಹಾಯ ಬೇಕು: ಯುದ್ಧಕಾಲದ ಬ್ರಿಟನ್ನಿನಲ್ಲಿ ರೋಗಿಗಳ ಪಡಿತರ

ಗೆಳೆಯರೇ, ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಕಾಯಿಲೆಯವರಿಗೆ ಪಡಿತರ ಹೇಗೆ ಹಂಚುತ್ತಿದ್ದರು ಅಂತ ಲೇಖನ ಬರೀತಿದ್ದೀನಿ. 1940ರ ಜನವರಿ 8ರಂದು ಬೇಕನ್, ಬೆಣ್ಣೆ, ಸಕ್ಕರೆಗೆ ಪಡಿತರ ಶುರುವಾಯಿತು. ಸಕ್ಕರೆ ಕಾಯಿಲೆಯವರು ತಮ್ಮ ಸಕ್ಕರೆ ಪಾಲು ಬಿಟ್ಟುಕೊಟ್ಟರೆ ಬೆಣ್ಣೆ, ಮಾಂಸ ಹೆಚ್ಚಾಗಿ ಸಿಗುತ್ತಿತ್ತು. ಯಾವ ಕಾಯಿಲೆಗೆ ಏನು ಕೊಡಬೇಕು ಅಂತ ಸರ್ಕಾರಕ್ಕೆ ಸಲಹೆ ಕೊಡಲು ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯೇ ಇತ್ತು. ನನ್ನನ್ನು ಕಾಡ್ತಿರೋದು ಹೊಟ್ಟೆಹುಣ್ಣಿನವರ ಪಾಡು. ಆಗಿನ ಪಥ್ಯವೆಲ್ಲ ಹಾಲಿನ ಮೇಲೇ ನಿಂತಿತ್ತು, ಹಾಲೋ ಗರ್ಭಿಣಿಯರಿಗೆ, ಮಕ್ಕಳಿಗೆ ಮೊದಲು. ಇಂಥ ಹೊತ್ತಲ್ಲಿ ಯಾರಿಗೆ ಇಲ್ಲ ಅನ್ನೋದು? ಆ ಸಮಿತಿಯ ವರದಿಗಳನ್ನು, ಅಂದಿನ ವೈದ್ಯಕೀಯ ಪತ್ರಿಕೆಗಳನ್ನು ಓದಿದವರು ಇದ್ದರೆ ದಯವಿಟ್ಟು ತಿಳಿಸಿ. ಡಾಕ್ಟರುಗಳು, ಪಥ್ಯಾಹಾರ ತಜ್ಞರು ಇದ್ದರೆ ಇನ್ನೊಂದು ಪ್ರಶ್ನೆ: ಸಕ್ಕರೆ ಕಾಯಿಲೆಗೆ ಅಷ್ಟು ಕೊಬ್ಬು ಕೊಡುತ್ತಿದ್ದುದರ ಹಿಂದಿನ ತರ್ಕವೇನು?