ಸಹಾಯ ಬೇಕು: ಕೆನಡಾದ ಒಂಟಾರಿಯೋ ಮಾನವ ಹಕ್ಕು ಟ್ರಿಬ್ಯುನಲ್‌ಗೆ (ತಾರತಮ್ಯದ ದೂರು ಕೇಳುವ ನ್ಯಾಯಮಂಡಳಿ) ದೂರು ಕೊಟ್ಟವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಬ್ರಾಂಪ್ಟನ್‌ನ ಗೋದಾಮೊಂದರಲ್ಲಿ ಕೆಲಸ ಮಾಡುತ್ತಾರೆ. ಬೆನ್ನುಮೂಳೆಯ ತೊಂದರೆ ಇದೆ. ಭಾರ ಎತ್ತಿಸಬೇಡಿ, ಕೂರಲು ಒಂದು ಸ್ಟೂಲ್ ಕೊಡಿ ಅಂತ ಡಾಕ್ಟರ್ ಬರೆದುಕೊಟ್ಟರು. ಸ್ಟೂಲ್ ಬರಲಿಲ್ಲ, ಶಿಫ್ಟ್ ಕಡಿಮೆಯಾಯಿತು. ಕಾಯಿಲೆ ಏನು ಅಂತ ಹೇಳಲೇಬೇಕು ಎಂದು ಮ್ಯಾನೇಜರ್ ಒತ್ತಾಯ ಬೇರೆ. ಯಾವ ಕೆಲಸ ಮಾಡಲು ಆಗಲ್ಲ ಅಂತ ತಿಳಿಸಿದರೆ ಸಾಮಾನ್ಯವಾಗಿ ಸಾಕು, ಅಲ್ವಾ?

ಇಲ್ಲಿನ ಕಾನೂನಿನಲ್ಲಿ, ತನಗೆ ವಿಪರೀತ ಹೊರೆ ಆಗುವವರೆಗೂ ಕಂಪನಿ ಇಂಥ ಕೆಲಸಗಾರರಿಗೆ ಅನುಕೂಲ ಮಾಡಿಕೊಡಲೇಬೇಕು. ಹೊರೆ ಅಳೆಯುವಾಗ ನೋಡುವುದು ಖರ್ಚು, ಹೊರಗಿನಿಂದ ಸಿಗುವ ಹಣ, ಆರೋಗ್ಯ ಮತ್ತು ಸುರಕ್ಷತೆ ಮಾತ್ರ. ಬೇರೆ ಕೆಲಸಗಾರರು ಗೊಣಗುತ್ತಾರೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಒಂದು ಸ್ಟೂಲ್ ಯಾವ ಹೊರೆ ಹೇಳಿ!

ದೂರು ಕೊಡಲು 1 ವರ್ಷದ ಗಡುವು, ಶುಲ್ಕವಿಲ್ಲ. ನನ್ನ ಭಯ ಆಮೇಲಿನದು. ವಿಚಾರಣೆಗೆ ವರ್ಷಗಟ್ಟಲೆ ಕಾದವರಿದ್ದಾರೆ. ಕಂಪನಿಗೆ ವಕೀಲರಿರುತ್ತಾರೆ, ನಮ್ಮಂಥವರು ಒಬ್ಬರೇ ನಿಲ್ಲಬೇಕು. ಇದು ಸಮ ಅಂತ ನನಗೆ ಅನಿಸುವುದಿಲ್ಲ.

ಹ್ಯೂಮನ್ ರೈಟ್ಸ್ ಲೀಗಲ್ ಸಪೋರ್ಟ್ ಸೆಂಟರ್‌ನಲ್ಲಿ ಉಚಿತ ಸಲಹೆ ಇದೆ. ಅವರ ವಕೀಲರು ನಿಮ್ಮ ಜೊತೆ ವಿಚಾರಣೆಗೂ ಬಂದರಾ? ರಾಜಿ ಮಾತುಕತೆಯಲ್ಲಿ ಏನು ಕೇಳಿದಿರಿ? ಕೆಲಸ ಬಿಡದೆ ದೂರು ಕೊಟ್ಟವರಿದ್ದರೆ ದಯವಿಟ್ಟು ತಿಳಿಸಿ. ಯಾವ ದಾಖಲೆ ಇಟ್ಟುಕೊಳ್ಳಬೇಕು ಅನ್ನುವುದು ಈಗಲೇ ಗೊತ್ತಾಗಬೇಕು.