ಗರ್ಭನಿರೋಧಕ ಮಾತ್ರೆಯಿಂದ ವಿಟಮಿನ್ ಕಡಿಮೆ ಆಗುತ್ತಾ?

ಪ್ರಶ್ನೆ: ಡಾಕ್ಟ್ರೇ, ಎರಡು ವರ್ಷದಿಂದ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ರಕ್ತ ಪರೀಕ್ಷೆಯಲ್ಲಿ ಬಿ12 ಸ್ವಲ್ಪ ಕಡಿಮೆ ಬಂದಿದೆ. ಮಾತ್ರೆ ನಿಲ್ಲಿಸಬೇಕಾ? ಮುಂದಿನ ವರ್ಷ ಮಗು ಬೇಕು ಅಂತಲೂ ಇದೆ.

ಉತ್ತರ (ಸ್ತ್ರೀರೋಗ ತಜ್ಞೆ): ಈ ಒಂದು ರಿಪೋರ್ಟ್ ನೋಡಿ ಮಾತ್ರೆ ನಿಲ್ಲಿಸಬೇಡಿ. ಈಸ್ಟ್ರೊಜೆನ್ ಎಂಬ ಹಾರ್ಮೋನ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತದ ಬಿ12 ಕಡಿಮೆ ಕಾಣುವುದು ಸಾಮಾನ್ಯ. ಆದರೆ ಅವರಲ್ಲಿ ಹೆಚ್ಚಿನವರ ಜೀವಕೋಶಗಳಿಗೆ ಬಿ12 ಸಾಕಷ್ಟು ಸಿಗುತ್ತಲೇ ಇರುತ್ತದೆ. ಅನುಮಾನವಿದ್ದರೆ ಮೀಥೈಲ್ ಮೆಲೋನಿಕ್ ಆಸಿಡ್ ಪರೀಕ್ಷೆ ಮಾಡಿಸಿ. ಅದು ಜಾಸ್ತಿ ಬಂದರೆ ಕೊರತೆ ನಿಜವೇ ಇರಬಹುದು. ನೀವು ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ತಿನ್ನದವರಾದರೆ ಅಥವಾ ಸಕ್ಕರೆ ಕಾಯಿಲೆಯ ಔಷಧಿ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಈ ಪರೀಕ್ಷೆ ಮುಂದೂಡಬೇಡಿ.

ನಿಮ್ಮ ವಿಷಯದಲ್ಲಿ ನನಗೆ ಬಿ12ಗಿಂತ ಫೋಲೇಟ್ (ಇದೂ ಒಂದು ಬಿ ವಿಟಮಿನ್, ಗುಳಿಗೆಯಲ್ಲಿ ಸಿಗುವ ರೂಪ ಫೋಲಿಕ್ ಆಸಿಡ್) ಮುಖ್ಯ. ಮಾತ್ರೆ ನಿಲ್ಲಿಸಿದ ಮೊದಲ ತಿಂಗಳಲ್ಲೇ ಗರ್ಭ ನಿಲ್ಲಬಹುದು. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನಕ್ಕೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಅಷ್ಟರಲ್ಲಿ ಬಸುರಿ ಅಂತಲೇ ಗೊತ್ತಾಗಿರುವುದಿಲ್ಲ. ಆ ನಾಳ ಸರಿಯಾಗಿ ಮುಚ್ಚಿಕೊಳ್ಳಲು ಫೋಲೇಟ್ ಬೇಕು. ಅದಕ್ಕೇ ಮಾತ್ರೆ ನಿಲ್ಲಿಸುವ ಒಂದು ತಿಂಗಳಾದರೂ ಮುಂಚೆ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಶುರು ಮಾಡಿ. ಮಧುಮೇಹ ಅಥವಾ ಮೂರ್ಛೆರೋಗ ಇದ್ದರೆ ಪ್ರಮಾಣ ಬೇರೆ ಇರಬಹುದು, ನಿಮ್ಮ ಡಾಕ್ಟರನ್ನು ಕೇಳಿ.

ಇನ್ನೊಬ್ಬರ ಪ್ರಶ್ನೆ: ಮಾತ್ರೆಯಿಂದ ಬಿ6 ಕೂಡ ಕಡಿಮೆಯಾಗುತ್ತೆ ಅಂತ ಕೇಳಿ 100 ಮಿಲಿಗ್ರಾಂ ಗುಳಿಗೆ ನುಂಗುತ್ತಿದ್ದೇನೆ. ಪರವಾಗಿಲ್ವಾ? ಐರನ್ನೂ ಬೇಕಾ?

ಉತ್ತರ: ಬಿ6 ಮಟ್ಟ ಇಳಿಯುವುದು ನಿಜ, ಅದಕ್ಕೆ ಕಾರಣ ಮಾತ್ರೆಯಲ್ಲಿರುವ ಈಸ್ಟ್ರೊಜೆನ್. 1960ರ ದಶಕದ ಮಾತ್ರೆಗಳಲ್ಲಿ ಈಸ್ಟ್ರೊಜೆನ್ 50 ಮೈಕ್ರೊಗ್ರಾಂ ಅಥವಾ ಇನ್ನೂ ಜಾಸ್ತಿ ಇರುತ್ತಿತ್ತು. ಈಗಿನ ಹೆಚ್ಚಿನ ಮಾತ್ರೆಗಳಲ್ಲಿ ಇರುವುದು 20ರಿಂದ 35 ಅಷ್ಟೇ. ಹೆಣ್ಣುಮಕ್ಕಳಿಗೆ ದಿನಕ್ಕೆ ಬೇಕಾಗುವ ಬಿ6 ಸುಮಾರು 1.3 ಮಿಲಿಗ್ರಾಂ. ತಿಂಗಳುಗಟ್ಟಲೆ ಅತಿಯಾಗಿ ನುಂಗಿದರೆ ನರಗಳಿಗೇ ಪೆಟ್ಟು, ಕೈಕಾಲು ಜೋಮು ಹಿಡಿಯುತ್ತದೆ. ದಯವಿಟ್ಟು ಆ ಗುಳಿಗೆ ಬಿಡಿ. ಈಗಾಗಲೇ ಜೋಮು ಇದ್ದರೆ ಬೇಗ ಡಾಕ್ಟರಿಗೆ ತೋರಿಸಿ.

ಐರನ್ ವಿಷಯ ಉಲ್ಟಾ. ಮಾತ್ರೆಯಿಂದ ಮುಟ್ಟಿನ ರಕ್ತಸ್ರಾವ ಕಡಿಮೆಯಾಗುವುದರಿಂದ ದೇಹದಲ್ಲಿ ಕಬ್ಬಿಣದ ಅಂಶ ಉಳಿಯುತ್ತದೆ. ಫೆರಿಟಿನ್ (ದೇಹದಲ್ಲಿ ಎಷ್ಟು ಕಬ್ಬಿಣ ಸಂಗ್ರಹವಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ನೋಡದೆ ಸುಮ್ನೆ ನುಂಗಬೇಡಿ. ರಕ್ತದಲ್ಲಿ ವಿಟಮಿನ್ ಎ, ತಾಮ್ರ ಕೂಡ ಜಾಸ್ತಿ ಕಾಣುತ್ತವೆ, ಏಕೆಂದರೆ ಅವನ್ನು ಹೊರುವ ಪ್ರೋಟೀನನ್ನು ಲಿವರ್ ಹೆಚ್ಚು ತಯಾರಿಸುತ್ತದೆ.

ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಇರುವ ಸಪ್ಲಿಮೆಂಟ್ ಮಾತ್ರ ಬೇಡವೇ ಬೇಡ. ಅದು ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೇ ಕಡಿಮೆ ಮಾಡುತ್ತದೆ.